ಒಂದೆಳೆಗೆ ಮೊದಲು

ಏಪ್ರಿಲ್ ೩೦, ಗುರುವಾರ

ಇವತ್ತಿನಿಂದ ಮಾತಿಲ್ಲ. ಠಾಣೆಯ ಡಾಕ್ಟರರು ಮೂಗಿನೊಳಗಿಂದ ಸಣ್ಣ ಕೊಳವೆ ಇಳಿಸಿ, ನನ್ನ ಧ್ವನಿತಂತುಗಳನ್ನು ಪರದೆಯ ಮೇಲೆ ನನಗೇ ತೋರಿಸಿದರು. ಎರಡೂ ಬಾತುಕೊಂಡಿವೆ. ಅಂಚಿನಲ್ಲಿ ಸಾಸಿವೆಯಷ್ಟು ಗಂಟು. "ನಾಲ್ಕು ವಾರ ಪೂರ್ತಿ ಮೌನ. ಪಿಸುಮಾತೂ ಕೂಡದು, ಅದು ಇನ್ನೂ ಕೆಟ್ಟದ್ದು. ಇಳಿಯದಿದ್ದರೆ ಆಪರೇಷನ್," ಅಂದರು. ಔಷಧಿ ಯಾವುದು ಅಂತ ಕೇಳಲು ಬಾಯಿ ತೆರೆದೆ. ಅವರು ತಮ್ಮ ತುಟಿಯ ಮೇಲೆ ಬೆರಳಿಟ್ಟರು. "ಮೌನವೇ ಔಷಧಿ. ಗಂಟಲು ಒಣಗದ ಹಾಗೆ ಬೆಚ್ಚಗಿನದ್ದು ಏನಾದರೂ ಗುಟುಕರಿಸುತ್ತಿರಿ, ಅಷ್ಟೇ."

ನನ್ನ ಕೆಲಸ ಮಾತು. ತುರ್ಭೆಯ ಒಂದು ಔಷಧಿ ಕಂಪನಿಯಲ್ಲಿ ಮಾರಾಟದ ಹುಡುಗರಿಗೆ ಮಾತು ಕಲಿಸುತ್ತೇನೆ. ಡಾಕ್ಟರರ ಕೋಣೆಯಲ್ಲಿ ಅವರಿಗೆ ಸಿಗುವುದು ಒಂದೂವರೆ ನಿಮಿಷ. ಎದುರಿನವರು 'ಆದರೆ' ಅನ್ನುವ ಮೊದಲೇ ಆ ಆದರೆಗೆ ಉತ್ತರ ಮುಗಿದಿರಬೇಕು. ಇದನ್ನು ನನ್ನಷ್ಟು ಚೆನ್ನಾಗಿ ಕಲಿಸುವವರು ಕಂಪನಿಯಲ್ಲಿಲ್ಲ. ಜೂನ್ ಆರು, ಶನಿವಾರ, ವಾಶಿಯ ಹೋಟೆಲಿನಲ್ಲಿ ಹೊಸ ಕೆಮ್ಮಿನ ಸಿರಪ್ಪಿನ ಬಿಡುಗಡೆ. ಭಾಷಣ ನನ್ನದು. ಅದು ಸರಿಹೋದರೆ ಪಶ್ಚಿಮ ವಲಯದ ತರಬೇತಿಯೆಲ್ಲ ನನ್ನ ಕೈಗೆ ಬರುತ್ತದೆ ಅಂತ ಮೇಲಿನವರು ಹೇಳಿಯಾಗಿದೆ. ಆ ಹೊತ್ತಿಗೆ ಸ್ವರ ಬಂದಿರುತ್ತದೆ. ಬರಬೇಕು ಅಂತಲ್ಲ, ಬಂದಿರುತ್ತದೆ.

ಮಾತಾಡದವನಿಗೆ ಬರೆಯುವುದಾದರೂ ಬೇಕು, ಅದಕ್ಕೆ ಇದು. ಮನೆಯಲ್ಲಿ ನಾನೂ ಹೆಂಡತಿಯೂ ಆಡುವುದು ತುಳು. ಆದರೆ ಪೆನ್ನು ಹಿಡಿದರೆ ಕೈ ಕನ್ನಡಕ್ಕೇ ಹೋಗುತ್ತದೆ. ಜಯಲತಾ ತುಳುವಿನಲ್ಲಿ ಹೇಳಿದ್ದೂ ಇಲ್ಲಿ ಕನ್ನಡವಾಗುತ್ತದೆ.

ಮೇ ೨, ಶನಿವಾರ

ಕಂಪನಿಯ ಸಿರಪ್ಪಿನ ಸ್ಯಾಂಪಲ್ಲುಗಳು ಕಪಾಟಿನ ತುಂಬ ಇವೆ. ಅದನ್ನು ಕುಡಿಯುವ ಮನಸ್ಸಿಲ್ಲ. ಯಾಕೆ ಅಂತ ಯೋಚಿಸಲೂ ಮನಸ್ಸಿಲ್ಲ. ಮನೆಯಲ್ಲೇ ಒಂದು ಪಾಕ ಮಾಡಿಟ್ಟುಕೊಂಡು ಬಿಸಿನೀರಿಗೆ ಬೆರೆಸಿ ಕುಡಿಯುವುದು ಅಂತ ತೀರ್ಮಾನಿಸಿದೆ. ಅತಿಮಧುರದ ಬೇರು, ತುಳಸಿ, ಶುಂಠಿ. ಬಾಲ್ಕನಿಯ ಕುಂಡದಲ್ಲಿ ಸಾಂಬಾರಬಳ್ಳಿ, ಅದೇ ದೊಡ್ಡಪತ್ರೆ, ಹೇಗೂ ಉಂಟು.

ಬೇರು ತರಲು ಠಾಣೆಯ ಮಾರ್ಕೆಟ್ಟಿಗೆ ಹೋದೆ. ಮಾತಿನ ಬದಲು ಮಕ್ಕಳ ಸ್ಲೇಟು ಇಟ್ಟುಕೊಂಡಿದ್ದೇನೆ. ಪ್ಲಾಸ್ಟಿಕ್ಕಿನದು, ಪಟ್ಟಿ ಎಳೆದರೆ ಅಳಿಸಿಹೋಗುತ್ತದೆ. 'ಅತಿಮಧುರ' ಅಂತ ಬರೆದು ಅಂಗಡಿಯವನಿಗೆ ಹಿಡಿದೆ. ಅವನು ಸ್ಲೇಟನ್ನು ಒಮ್ಮೆ ಹೀಗೆ, ಒಮ್ಮೆ ಹಾಗೆ ತಿರುಗಿಸಿದ.

"ಹೇ ಕಾಯ್, ಸಾಹೇಬ್? ಜಿಲೇಬಿ ಸಮೋರಚ್ಯಾ ದುಕಾನಾತ್." ಜಿಲೇಬಿ ಎದುರಿನ ಅಂಗಡಿಯಲ್ಲಂತೆ.

ಕನ್ನಡದಲ್ಲಿ ಬರೆದಿದ್ದೆ. ಅಳಿಸಿ ಅದೇ ಪದವನ್ನು ಮರಾಠಿ ಅಕ್ಷರದಲ್ಲಿ ಬರೆದೆ. ಈಗ ಅವನ ಮುಖ ಅರಳಿತು. ಒಳಗೆ ಹೋಗಿ ಒಂದು ಬಾಟಲಿ ಜೇನು ತಂದುಕೊಟ್ಟ. ಇದಕ್ಕಿಂತ ಮಧುರ ಬೇರೆಲ್ಲೂ ಇಲ್ಲ ಅಂತ ಭರವಸೆಯನ್ನೂ ಕೊಟ್ಟ. ಹಿಂದೆ ಸಾಲು ಬೆಳೆಯುತ್ತಿತ್ತು. ಜೇನು ತೆಗೆದುಕೊಂಡು ಬಂದೆ.

ಸಂಜೆ ಜಯಲತಾ ನಕ್ಕಳು. "ಇಲ್ಲಿ ಅದಕ್ಕೆ ಜೇಷ್ಠಮಧ್ ಅನ್ಬೇಕು ಮಾರಾಯ್ರೆ. ಮೂವತ್ತು ವರ್ಷ ಆಯ್ತು ನೀವು ಬಂದು." ನನ್ನ ಬಳಿ ಉತ್ತರ ಇತ್ತು. ಬರೆಯುವಷ್ಟರಲ್ಲಿ ಅವಳು ಅಡುಗೆಮನೆಗೆ ಹೋಗಿಯಾಗಿತ್ತು.

ಮೇ ೩, ಭಾನುವಾರ

ಜಯಲತಾ ಕೆಳಗಿನ ಅಂಗಡಿಯಿಂದಲೇ ಬೇರು ತಂದುಕೊಟ್ಟಳು. ನಮ್ಮ ಘಣಸೋಲಿಯಲ್ಲೇ ಸಿಗುತ್ತದಂತೆ.

ಮೊದಲ ಪಾಕ ಮಾಡಿದೆ. ಜಜ್ಜಿ ರಾತ್ರಿಯಿಡೀ ನೆನೆಸಿದ ಬೇರು, ಶುಂಠಿ, ಎಲೆ. ಕುದಿಸಿ, ಹಳೆಯ ಪಂಚೆಯ ತುಂಡಿನಲ್ಲಿ ಸೋಸಿ, ಸಕ್ಕರೆ ಹಾಕಿದೆ. ಪಾಕ ಬಂತೋ ಎಂದು ನೋಡುವುದು ಹೇಗೆಂದು ನನಗೆ ಗೊತ್ತು. ಚಿಕ್ಕಪ್ಪನ ಹೋಟೆಲಿನ ಭಟ್ಟರು ಮಾಡುತ್ತಿದ್ದುದನ್ನು ನೋಡಿದ್ದೇನೆ. ಹೆಬ್ಬೆರಳು, ತೋರುಬೆರಳಿನ ನಡುವೆ ಒಂದು ಹನಿ. ಬೆರಳು ಬಿಡಿಸಿದರೆ ಒಂದೆಳೆ ನಿಲ್ಲಬೇಕು. ನಿಂತಿತು. ಬಾಟಲಿಗೆ ತುಂಬಿದೆ.

"ಎಳೆ ಬರ್ಲಿಕ್ಕೆ ಬಿಡ್ಬಾರ್ದಿತ್ತು," ಅಂದಳು ಜಯಲತಾ. "ಎಳೆ ಬೇಕಾದ್ದು ಲಾಡು ಕಟ್ಲಿಕ್ಕೆ. ಶರಬತ್ತಿಗೆ ಬೆರಳಿಗೆ ಅಂಟಿದ್ರೆ ಸಾಕು, ಅದಕ್ಕೆ ಮುಂಚೆಯೇ ಇಳಿಸ್ಬೇಕು. ಮತ್ತೆ ತಣಿದ ಮೇಲೆ ಸ್ವಲ್ಪ ಲಿಂಬೆ. ನನ್ನ ಅಮ್ಮ..." ಅಲ್ಲಿ ನಿಂತಳು. ಸಾಮಾನ್ಯವಾಗಿ ಅಲ್ಲಿ ನಾನು ಏನೋ ಹೇಳುತ್ತಿದ್ದಿರಬೇಕು. ನಾನು ಏನೂ ಹೇಳಲಾರೆ ಎಂದು ಅವಳಿಗೆ ನೆನಪಾದದ್ದು ಕಾಣಿಸಿತು. "...ನನ್ನ ಅಮ್ಮ ಬೇಸಿಗೆ ಪೂರ್ತಿ ಮಾಡ್ತಿದ್ರು," ಅಂತ ಮುಗಿಸಿದಳು.

ಅವಳ ವಾಕ್ಯಗಳು ಉದ್ದವಾಗುತ್ತಿವೆ.

ಮೇ ೬, ಬುಧವಾರ

ಬಾಟಲಿಯ ತಳದಲ್ಲಿ ಕಲ್ಲುಸಕ್ಕರೆ ಕಟ್ಟಿದೆ. ಇಲ್ಲಿಯ ಸಕ್ಕರೆ ಸರಿಯಿಲ್ಲ.

ಮೇಲಿನ ತಿಳಿಯನ್ನು ಬಿಸಿನೀರಿಗೆ ಬೆರೆಸಿ, ಕೆಲಸಕ್ಕೆ ಬರುವ ಭೀಮಮ್ಮನಿಗೂ ಒಂದು ಲೋಟ ಕೊಟ್ಟೆ. ಕಲಬುರಗಿ ಕಡೆಯವಳು, ಘಣಸೋಲಿಯ ಹಳೇ ಊರಿನಲ್ಲಿ ಕೋಣೆ ಮಾಡಿಕೊಂಡಿದ್ದಾಳೆ. ನಾಲ್ಕಕ್ಷರ ಓದಲು ಬರುತ್ತದೆ. ಸ್ಲೇಟಿನಲ್ಲಿ 'ಕಷಾಯ' ಅಂತ ಬರೆದು ತೋರಿಸಿದೆ. ಅವಳು ಲೋಟವನ್ನು ಕಟ್ಟೆಯ ಮೇಲೆ ಇಟ್ಟು ಎರಡು ಹೆಜ್ಜೆ ಹಿಂದೆ ಸರಿದಳು.

"ಕಷಾಯ ಯಾಕ್ರೀ ಸಾಹೇಬ್ರ? ನನಗೇನ್ ಜಡ್ಡಾಗ್ಯಾದ? ಬಾಯಿ ಹೋಗಿದ್ದು ನಿಮ್ಮದು!"

ಜಯಲತಾ ಒಳಗಿನಿಂದ ಕೂಗಿದಳು. "ಭೀಮಮ್ಮಾ, ನಮ್ಮ ಕಡೆ ಕಷಾಯ ಅಂದ್ರೆ ಚಾ ಇದ್ದ ಹಾಗೆ. ಮನೆಗೆ ಬಂದವರಿಗೆಲ್ಲ ಕೊಡ್ತೇವೆ."

"ಮನಿಗೆ ಬಂದವ್ರಿಗೆಲ್ಲ ಕಷಾಯ? ಅದಕ್ಕs ನಿಮ್ಮ ಮನಿಗೆ ಯಾರೂ ಬರಂಗಿಲ್ಲೇಳ್ರಿ ಅಕ್ಕಾ!"

ಇಬ್ಬರೂ ತುಂಬ ಹೊತ್ತು ನಕ್ಕರು. ಇವರಿಬ್ಬರ ನಡುವೆ ಇಷ್ಟು ಸಲಿಗೆ ಇದ್ದದ್ದು ನನಗೆ ಗೊತ್ತಿರಲಿಲ್ಲ. ಭೀಮಮ್ಮ ಕೊನೆಗೆ ಮೂಗು ಹಿಡಿದುಕೊಂಡು ಕುಡಿದಳು. ಕುಡಿದ ಮೇಲೆ ಮೂಗು ಬಿಟ್ಟು, "ಸೀ ಅದs," ಅಂದಳು, ಮೋಸ ಹೋದವಳ ಹಾಗೆ.

ಮೇ ೯, ಶನಿವಾರ

ಎರಡನೆಯ ಪಾಕ ಕಹಿಯಾಯಿತು. ಬೇರು ಅತಿಯಾಗಿ ಕುದಿದಿದೆ. ಗ್ಯಾಸಿನ ಉರಿ ಜೋರಾಗಿತ್ತು.

ನಾನು ಒಲೆಯ ಮುಂದೆ ನಿಂತಿದ್ದಾಗ ಜಯಲತಾ ಠಾಣೆಯ ಆರೋಗ್ಯವಿಮೆ ಆಫೀಸಿನಿಂದ ಬಂದು, ಚೀಲ ಕೆಳಗಿಟ್ಟು, ಅಡುಗೆಮನೆಯ ಸ್ಟೂಲಿನಲ್ಲಿ ಕೂತಳು. ಸ್ವಲ್ಪ ಹೊತ್ತು ಪಾತ್ರೆಯನ್ನೇ ನೋಡಿದಳು.

"ನಾನು ಈಜಲಿಕ್ಕೆ ಹೋಗ್ತಾ ಇದ್ದೇನೆ," ಅಂದಳು.

ಫೆಬ್ರವರಿಯಲ್ಲಿ ಒಮ್ಮೆ 'ಈಜು ಕಲಿಯುವ ಅಂತ' ಎಂದು ಶುರು ಮಾಡಿದ್ದಳು. ಆಗ ನಾನು ಉಸಿರಾಟ, ಕ್ಲೋರಿನ್ನು, ಐವತ್ತರ ಹತ್ತಿರದ ಮಂಡಿಗಳು, ಎಲ್ಲವನ್ನೂ ವಿವರವಾಗಿ ಹೇಳಿದ್ದೆ. ಊರಿನ ಮದಗದಲ್ಲಿ ನಾನು ಈಜುತ್ತಿದ್ದುದನ್ನೂ ಹೇಳಿದ್ದೆ. ಅವಳು "ಹೌದಾ" ಅಂದಿದ್ದಳು. ವಿಷಯ ಅಲ್ಲಿಗೆ ಮುಗಿದಿತ್ತು.

ಮುಗಿದಿರಲಿಲ್ಲವಂತೆ. ಮಾರ್ಚಿನಿಂದ ಪ್ರತಿ ಶನಿವಾರ ಬೆಳಿಗ್ಗೆ, ಆಫೀಸಿಗೆ ಮೊದಲು, ಠಾಣೆಯ ಈಜುಕೊಳದ ಹೆಂಗಸರ ಬ್ಯಾಚು. ಬಾಲ್ಕನಿಯ ಹಗ್ಗದಲ್ಲಿ ಆಗಾಗ ಒಂದು ಕಪ್ಪು ಬಟ್ಟೆ ನೇತಾಡುತ್ತಿತ್ತು. ಕೊಡೆಯ ಬಟ್ಟೆ ಬಿಚ್ಚಿ ಒಗೆದಿದ್ದಾಳೆ ಅಂದುಕೊಂಡಿದ್ದೆ.

"ಮೊದಲ ದಿನ ಮೂರಡಿ ನೀರು ಮಾರಾಯ್ರೆ. ನನ್ನ ಸೊಂಟಕ್ಕೂ ಸರಿಯಾಗಿ ಬರುವುದಿಲ್ಲ. ಆದ್ರೂ ಕಂಬಿ ಬಿಡಲಿಲ್ಲ ನಾನು. ಕಲಿಸುವ ಹುಡುಗಿ ಮೇಲೆ ನಿಂತು ಬೊಬ್ಬೆ: 'ಕಾಕೂ, ಪಾಯ್ ಮಾರಾ, ಪಾಯ್!' ಚಿಕ್ಕಮ್ಮಾ, ಕಾಲು ಬಡಿ ಅಂತ. ನಾನು ಹೇಳಿದೆ, ಕಾಲು ಬಡೀತೇನೆ, ನೀನು ಕಾಕೂ ಅನ್ನುವುದು ನಿಲ್ಲಿಸು."

ನಾನು ಸ್ಲೇಟಿಗೆ ಕೈ ಹಾಕಿದೆ. ಕಾಲು ಬಡಿಯುವ ಸರಿಯಾದ ಕ್ರಮ ಬೇರೆ ಇದೆ. ಎರಡು ಅಕ್ಷರ ಬರೆಯುವಷ್ಟರಲ್ಲಿ ಅವಳು ಮುಂದೆ ಹೋಗಿದ್ದಳು. ಸ್ಲೇಟು ಬಹಳ ನಿಧಾನದ ಸಾಧನ.

"ಯಾಕೆ ಅಂತ ಗೊತ್ತುಂಟಾ?" ಅಂದಳು. ಬೇರು ಕುದಿಯುತ್ತಿತ್ತು. "ನಮ್ಮಲ್ಲಿ ಹೊಳೆ ಇದ್ದದ್ದು ಗದ್ದೆ ದಾಟಿದ್ರೆ. ತಮ್ಮಂದಿರು ಇಳಿಯುವುದು. ನಾನು ದಡದಲ್ಲಿ ಅವರ ಬಟ್ಟೆ ಕಾಯುವುದು. ಹುಡುಗಿಯರು ಇಳಿಯುವ ಹಾಗಿಲ್ಲ. ಅವರ ಚಡ್ಡಿ ಕಾಯ್ಲಿಕ್ಕೆ ಮಾತ್ರ ಹೊಳೆಗೆ ಹೋಗಬಹುದು."

ಮದುವೆಯಾದ ಮೇಲೆ ನಾಲ್ಕಾರು ಸಲ ಆ ಮನೆಗೆ ಹೋಗಿದ್ದೇನೆ. ಹೊಳೆ ಇರುವುದು ಗಮನಿಸಿರಲಿಲ್ಲ.

ಮೇ ೧೪, ಗುರುವಾರ

ಹೃಷೀಕೇಶ ಮನೆಗೆ ಬಂದಿದ್ದ. ನನ್ನ ಕೈಕೆಳಗಿನವನು, ಡೊಂಬಿವಲಿಯವನು, ಚುರುಕು. ನನ್ನ ಧ್ವನಿ ಬರದಿದ್ದರೆ ಬಿಡುಗಡೆಯ ಭಾಷಣ ಅವನಿಂದ ಮಾಡಿಸುವುದು ಅಂತ ಆಫೀಸಿನಲ್ಲಿ ಗೊತ್ತುಮಾಡಿದ್ದಾರೆ. "ಬಸ್ ತಯಾರಿ ಸರ್. ನೌಬತ್ ನಹೀಂ ಆಯೇಗಿ," ಅಂದ. ಬರೀ ತಯಾರಿ, ಆ ಪ್ರಸಂಗವೇ ಬರುವುದಿಲ್ಲ ಅಂತ. ನಾನೂ ಅದನ್ನೇ ಬರೆದು ತೋರಿಸಿದೆ.

ಸೋಫಾದ ಎದುರು ನಿಂತು ಭಾಷಣ ಹೇಳಿ ತೋರಿಸಿದ. ವಾಕ್ಯಗಳೆಲ್ಲ ನನ್ನವು. ನನ್ನ ಕೈಯಾಡಿಸುವಿಕೆಯೂ ಅವನಿಗೆ ಬಂದಿದೆ. ಹೊರಗಿನಿಂದ ನೋಡಿದರೆ ಅದು ನೊಣ ಓಡಿಸಿದ ಹಾಗೆ ಕಾಣುತ್ತದೆ. ಮಧ್ಯದಲ್ಲಿ ಜಯಲತಾ ಬಂದು "ಶರಬತ್ತು ಮಾಡಲಾ? ಬೆಚ್ಚಗೆ ಬೇಕಾ, ಇಲ್ಲ..." ಅನ್ನುವಷ್ಟರಲ್ಲಿ ಹೃಷೀಕೇಶ, "ನಹೀಂ ಭಾಭೀಜಿ, ಬಿಲ್ಕುಲ್ ತಕಲೀಫ್ ಮತ್ ಕೀಜಿಯೆ, ಮೈ ಪಾನೀ ಲೇ ಲೂಂಗಾ," ಅಂದುಬಿಟ್ಟ. ತೊಂದರೆ ಬೇಡ, ನೀರು ಸಾಕು ಅಂತ, ಪೂರ್ತಿ ಕೇಳಿಸಿಕೊಳ್ಳದೆ ಉತ್ತರ ಕೊಟ್ಟಿದ್ದ. ಅವಳು ನನ್ನ ಕಡೆ ಒಮ್ಮೆ ನೋಡಿ ಒಳಗೆ ಹೋದಳು.

ಎದುರಿನವರ ಮಾತು ತುಂಡರಿಸುವುದು ಒರಟುತನ ಅಂತ ಅವನಿಗೆ ಬರೆದು ತೋರಿಸಿದೆ. ಅವನು ಗೊಂದಲಗೊಂಡ. "ಆಪ್ ಹೀ ನೇ ತೋ ಸಿಖಾಯಾ, ಸರ್." ನೀವೇ ಅಲ್ಲವೇ ಕಲಿಸಿದ್ದು ಅಂತ. ಅವನು ನನ್ನನ್ನು ಪೂರ್ತಿ ಅರ್ಥಮಾಡಿಕೊಂಡಿಲ್ಲ.

ಮೇ ೧೬, ಶನಿವಾರ

ಜಯಲತಾ ಬರುವುದು ತಡವಾಯಿತು. ನಡುದಾರಿಯಲ್ಲಿ ಲೋಕಲ್ ಗಾಡಿ ನಿಂತುಬಿಟ್ಟಿತ್ತಂತೆ. ಬೇರು ನೆನೆಸಿ ಎಲ್ಲ ಸಿದ್ಧ ಮಾಡಿಟ್ಟಿದ್ದೆ, ಒಲೆ ಹಚ್ಚಲಿಲ್ಲ. ಪಾಕ ಸಂಜೆಯ ತಂಪಿನಲ್ಲೇ ಚೆನ್ನಾಗಿ ಬರುತ್ತದೆ.

ಅವಳಿಗೆ ಆಯಾಸವಾಗಿತ್ತು. ಕೊಳದ ಬಗ್ಗೆ ಏನೂ ಹೇಳಲಿಲ್ಲ. ಪಾಕ ಮಾಡಲಿಲ್ಲ.

ಮೇ ೧೭, ಭಾನುವಾರ

ಹೇಳಿದಳು. ತಲೆ ಮುಳುಗಿಸುವುದು ಬಂತು. ನೀರಿನೊಳಗೆ ಕಣ್ಣು ಬಿಟ್ಟರೆ ಎಲ್ಲರ ಕಾಲುಗಳು ಕಾಣುತ್ತವಂತೆ, "ಯಾರ ಕಾಲು ಅಂತ ಗೊತ್ತಾಗುವುದಿಲ್ಲ, ಮ್ಯಾನೇಜರ್ ಮೇಡಮ್ಮಂದೂ ಒಂದೇ, ಮೀನು ಮಾರುವ ಹೆಂಗಸಿನದ್ದೂ ಒಂದೇ." ತುಳಸಿ, ಸಾಂಬಾರಬಳ್ಳಿಯನ್ನು ಕೊನೆಗೆ ಹಾಕಬೇಕು, ಮೊದಲೇ ಹಾಕಿದರೆ ಕಪ್ಪಾಗುತ್ತದೆ, ಇದನ್ನೂ ನಡುವೆ ಹೇಳಿದಳು. ಬೆರಳಿಗೆ ಅಂಟುತ್ತಿದ್ದಂತೆ ಇಳಿಸಿದೆ. ಎಳೆಗೆ ಕಾಯಲಿಲ್ಲ.

ಮೇ ೨೦, ಬುಧವಾರ

ಹೈದರಾಬಾದಿನಲ್ಲಿ ಓದುತ್ತಿರುವ ಮಗಳು ನಿಶ್ಮಿತಾ ವಿಡಿಯೊ ಕಾಲ್ ಮಾಡಿದ್ದಳು. "ಮಮ್ಮಾ, ಪಪ್ಪಾ ಮ್ಯೂಟ್ ಪೆ ಹೈ ಕ್ಯಾ?" ಅಂತ ನಕ್ಕಳು. ನಾನು ಬರೀ ತುಟಿ ಆಡಿಸಿ ನಾಲ್ಕು ಮಾತಾಡಿದ ಹಾಗೆ ತೋರಿಸಿದೆ.

ಆಮೇಲೆ ಅವಳು ತಾಯಿಯ ಜೊತೆ ಮೆಲ್ಲಗೆ ತುಳುವಿನಲ್ಲಿ ಮಾತು ಶುರು ಮಾಡಿದಳು. ಅವಳಿಗೆ ತುಳು ಬರುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ನನ್ನ ಹತ್ತಿರ ಯಾವಾಗಲೂ ಹಿಂದಿಯೇ.

ಮೇ ೨೩, ಶನಿವಾರ

ಮೂರನೆಯ ಪಾಕ ಹರಳುಗಟ್ಟಿಲ್ಲ. ಬಣ್ಣ ಜೇನಿನದು, ಬಾಟಲಿ ಓರೆಮಾಡಿದರೆ ಸೋಮಾರಿಯ ಹಾಗೆ ಸರಿಯುತ್ತದೆ. ಬಿಸಿನೀರಿಗೆ ಎರಡು ಚಮಚ. ಮೊದಲು ಶುಂಠಿ ಬರುತ್ತದೆ, ಆಮೇಲೆ ತುಳಸಿ; ಎಲ್ಲ ಮುಗಿದ ಮೇಲೆ ನಾಲಿಗೆಯ ಬುಡದಲ್ಲಿ ಬೇರಿನ ಸಿಹಿ ತಾನಾಗಿ ಏಳುತ್ತದೆ. ಸಕ್ಕರೆಯ ಸಿಹಿಯಲ್ಲ ಅದು. ಗಂಟಲಿಗೆ ಎಣ್ಣೆ ಹಚ್ಚಿದ ಹಾಗೆ ಆಗುತ್ತದೆ. ನಾನು ತಯಾರಿಸಿದ್ದರಲ್ಲಿ ಇದಕ್ಕಿಂತ ಒಳ್ಳೆಯದು ಬೇರೆ ಇಲ್ಲ. ನಾನು ಬೇರೆ ಏನನ್ನೂ ತಯಾರಿಸಿಲ್ಲ ಎನ್ನುವುದೂ ನಿಜ.

ಎರಡು ಬಾಟಲಿ ಸಾಕಿತ್ತು, ಇವತ್ತು ಮತ್ತೆ ಕುದಿಸಿ ಐದು ಮಾಡಿದ್ದೇನೆ. ಒಂದು ಭೀಮಮ್ಮನಿಗೆ. ಅವಳು ಅದನ್ನು ಮನೆಯಲ್ಲಿ ಪಾನಕ ಅಂತ ಹೇಳಿ ಕೊಡುತ್ತಾಳಂತೆ, "ಕಷಾಯ ಅಂದ್ರ ಓಡಿ ಹೋಗ್ತಾರ್ರೀ."

ಸೋಸುವಾಗ ಬಟ್ಟೆಯ ಒಂದು ತುದಿ ಜಯಲತಾ ಹಿಡಿದಿದ್ದಳು, ಇನ್ನೊಂದು ನಾನು.

"ಇವತ್ತು ಕೈ ಬಿಟ್ಟೆ," ಅಂದಳು. "ಬೆನ್ನ ಮೇಲೆ ಮಲಗಬೇಕು. ಹುಡುಗಿ ಕೆಳಗೆ ಕೈ ಇಟ್ಟಿದ್ದಾಳೆ ಅಂದುಕೊಂಡೇ ಮಲಗಿದ್ದು. ನೋಡ್ತೇನೆ, ಅವಳು ಅಲ್ಲಿ ದೂರ ಯಾರಿಗೋ ಬೈತಾ ಇದ್ದಾಳೆ. ನೀರೇ ಹಿಡ್ಕೊಂಡಿತ್ತು ಮಾರಾಯ್ರೆ. ನಾನು ಮುಳುಗಲೇ ಇಲ್ಲ."

ಬಟ್ಟೆ ಹಿಂಡುವುದನ್ನು ಇಬ್ಬರೂ ಮರೆತಿದ್ದೆವು. ಸ್ಲೇಟು ಹಾಲಿನಲ್ಲಿ ಉಳಿದಿತ್ತು. ತರಲು ಹೋಗಲಿಲ್ಲ, ಕೈ ಅಂಟಾಗಿತ್ತು.

ಮೇ ೨೮, ಗುರುವಾರ

ಸೆಕೆ. ಬರೆಯುವಂಥದ್ದು ಇಲ್ಲ. ಸೋಮವಾರ ಡಾಕ್ಟರರ ಹತ್ತಿರ. ಸ್ವರ ಬಂದಿದೆ ಅಂತ ನನಗೆ ಒಳಗಿನಿಂದಲೇ ಗೊತ್ತು.

ಮೇ ೩೦, ಶನಿವಾರ

ಜಯಲತಾ ಬಂದವಳು ಸ್ಟೂಲಿನಲ್ಲಿ ಕೂರಲಿಲ್ಲ. ಸಿಂಕಿಗೆ ಆತುಕೊಂಡು ನಿಂತಳು.

"ಇವತ್ತು ಆಳದ ಕಡೆಗೆ ಕರ್ಕೊಂಡು ಹೋದ್ರು. ಹತ್ತು ಅಡಿ. ದಡದಿಂದ ಹಾರಬೇಕು, ತಾನಾಗಿ ಮೇಲೆ ಬರಬೇಕು, ಅಷ್ಟೆ. ನನ್ನ ಮುಂದೆ ಇದ್ದವಳು ಮೂಗು ಹಿಡ್ಕೊಂಡು 'ಗಣಪತಿ ಬಾಪ್ಪಾ' ಅಂತ ಹಾರಿಯೇ ಬಿಟ್ಟಳು. ನಾನು..." ನಲ್ಲಿಯನ್ನು ತಿರುಗಿಸಿದಳು, ಮತ್ತೆ ನಿಲ್ಲಿಸಿದಳು. "ತುದಿಗೆ ಬಂದು ನಿಂತೆ. ನೀರು ಅಲ್ಲಿ ಬೇರೆ ಬಣ್ಣ. ಹಿಂದೆ ತಿರುಗಿ ಬಂದೆ. ಯಾರೂ ಏನೂ ಹೇಳಲಿಲ್ಲ. ಆ ಹುಡುಗಿ ಕಾಕೂ ಅಂತಲೂ ಹೇಳಲಿಲ್ಲ. ಅದೇ ಬೇಜಾರು."

ನನ್ನ ಬಳಿ ಹೇಳುವಂಥ ಉತ್ತರಗಳು ಕಡಿಮೆ ಅಂದರೆ ಐದು ಇದ್ದವು. ಭಯದ ಬಗ್ಗೆ ಒಂದು, ಭಾರದ ಬಗ್ಗೆ ಒಂದು, ಮದಗದ್ದು ಒಂದು. ಅವು ಒಂದೊಂದಾಗಿ ಬಂದು ಹೋದವು. ಬಿಸಿನೀರಿಗೆ ಎರಡು ಚಮಚ ಪಾಕ ಬೆರೆಸಿ ಅವಳಿಗೆ ಕೊಟ್ಟೆ. ಸಿಂಕಿನ ಹತ್ತಿರವೇ ನಿಂತು ಪೂರ್ತಿ ಕುಡಿದಳು.

"ಮುಂದಿನ ಶನಿವಾರ ಮತ್ತೆ ನೋಡುವುದು," ಅಂದಳು. "ಹಾರಿದ್ರೆ ನಿಮಗೆ ಹೇಳ್ತೇನೆ. ಹಾರದಿದ್ರೂ ಹೇಳ್ತೇನೆ."

ಮುಂದಿನ ಶನಿವಾರ ಜೂನ್ ಆರು.

ಜೂನ್ ೧, ಸೋಮವಾರ

ಡಾಕ್ಟರರು ಮತ್ತೆ ಕೊಳವೆ ಇಳಿಸಿ ನೋಡಿದರು. ಗಂಟುಗಳು ಇಲ್ಲ. ತಂತುಗಳು ಬೆಳ್ಳಗೆ, ನೇರವಾಗಿ ಕಂಡವು. "ನಿಮ್ಮ ಹೆಸರು ಹೇಳಿ," ಅಂದರು. "ಪ್ರೇಮನಾಥ," ಅಂದೆ. ತಿಂಗಳ ಮೇಲೆ ಕೇಳಿದ ಆ ಸ್ವರ ನನಗಿಂತ ಸ್ವಲ್ಪ ಕಿರಿಯವನದ್ದು ಅನಿಸಿತು. ಡಾಕ್ಟರರಿಗೆ ಖುಷಿಯಾಗಿತ್ತು. ನನ್ನಷ್ಟು ಕಟ್ಟುನಿಟ್ಟಾಗಿ ಮೌನ ಪಾಲಿಸಿದ ರೋಗಿ ಇಲ್ಲವಂತೆ. ಇವತ್ತಿನಿಂದಲೇ ಮಾತಾಡಬಹುದು, ಶನಿವಾರದ ಭಾಷಣಕ್ಕೂ ಅಡ್ಡಿಯಿಲ್ಲ, ಕಿರುಚದಿದ್ದರೆ ಸರಿ. ಎಲ್ಲವನ್ನೂ ಚೀಟಿಯಲ್ಲಿ ಬರೆದುಕೊಟ್ಟರು. "ಮನೆಯವರಿಗೆ ಹೇಳಿ, ಇನ್ನು ಅವರ ಕಿವಿಗೆ ಕೆಲಸ," ಅಂತ ನಕ್ಕರು.

ಠಾಣೆ ಸ್ಟೇಷನ್ನಿನಲ್ಲಿ ಎರಡು ಗಾಡಿ ಹತ್ತದೆ ಬಿಟ್ಟೆ. ಯಾರ ಹತ್ತಿರವೂ ಮಾತಾಡಲಿಲ್ಲ. ಪಕ್ಕದಲ್ಲಿ ಕೂತವರು ಘಣಸೋಲಿ ಯಾವ ಕಡೆ ಬರುತ್ತದೆ ಅಂತ ಕೇಳಿದರು, ಬೆರಳು ತೋರಿಸಿದೆ. ಕುಳಿತು ಯೋಚಿಸಿದಾಗ ಡಾಕ್ಟರರು ಸ್ವಲ್ಪ ಆತುರ ಮಾಡಿದ್ದಾರೆ ಅನಿಸಿತು. ವಾಸಿಯಾದ ತಂತುಗಳನ್ನು ಕೂಡಲೇ ಇನ್ನೂರು ಜನರ ಎದುರು ದುಡಿಸುವುದು ಜಾಣತನವಲ್ಲ. ಎಷ್ಟೋ ವಿಷಯಗಳಲ್ಲಿ ಪೂರ್ತಿ ಆಗುವುದಕ್ಕೆ ಮೊದಲೇ ಇಳಿಸುವುದು ಒಳ್ಳೆಯದು. ಹೃಷೀಕೇಶನಿಗೆ ಸಂದೇಶ ಕಳಿಸಿದೆ: ಭಾಷಣ ನೀನೇ ಮಾಡು. ಕೈ ಅಷ್ಟು ಆಡಿಸಬೇಡ. ಅವನು ತಕ್ಷಣ ಉತ್ತರಿಸಿದ, ನಾನು ಕಳಿಸುವುದನ್ನೇ ಕಾಯುತ್ತಿದ್ದವನ ಹಾಗೆ. ಪಶ್ಚಿಮ ವಲಯ ಇನ್ನು ಅವನದೇ. ಇರಲಿ, ಅವನಿಗೆ ವಯಸ್ಸಿದೆ.

ಮನೆಗೆ ಬಂದಾಗ ಜಯಲತಾ ನನಗಿಂತ ಮೊದಲೇ ಬಂದಿದ್ದಳು. ಬೇರು ಜಜ್ಜುತ್ತಿದ್ದಳು.

"ಡಾಕ್ಟ್ರು ಎಂತ ಹೇಳಿದ್ರು?"

ಸ್ಲೇಟು ತೆಗೆದುಕೊಂಡು ಬರೆದೆ: ಇನ್ನೂ ಒಂದು ವಾರ.

ಅವಳು ಕೈ ಒರೆಸಿಕೊಂಡು, ನನ್ನ ಅಂಗಿಯ ಜೇಬಿನಿಂದ ಚೀಟಿ ತೆಗೆದಳು. ಡಾಕ್ಟರರ ಅಕ್ಷರ ಓದಲು ಕಷ್ಟ, ಆದರೆ ಆಫೀಸಿನಲ್ಲಿ ಇಡೀ ದಿನ ಅಂಥದ್ದನ್ನೇ ಓದುವವಳು ಅವಳು. ಓದಿದಳು. ಹಿಂದೆ ತಿರುಗಿಸಿ ನೋಡಿದಳು. ಮಡಚಿ, ಸಕ್ಕರೆ ಡಬ್ಬಿಯ ಹಿಂದೆ ಇಟ್ಟಳು.

"ಒಂದು ವಾರ ಸಾಕಾ?" ಅಂದಳು. "ಈ ಶನಿವಾರವೂ ನನಗೆ ಹಾರ್ಲಿಕ್ಕೆ ಆಗದಿದ್ರೆ?"

ಪಟ್ಟಿ ಎಳೆದು ಅಳಿಸಿದೆ. 'ಎರಡು' ಅಂತ ಬರೆದೆ.

ಅವಳು ಸ್ಲೇಟನ್ನು ನೋಡಿದಳು, ನನ್ನನ್ನು ನೋಡಿದಳು. ಆಮೇಲೆ ಸ್ಟೂಲನ್ನು ಒಲೆಯ ಹತ್ತಿರಕ್ಕೆ ಎಳೆದುಕೊಂಡು ಕೂತಳು.

"ಆಯ್ತು. ಹಾಗಾದ್ರೆ ಕೇಳಿ," ಅಂದಳು.